ಕ್ರೈಸ್ತ ಕಾಲೇಜಿಗೆ ಮಗಳನ್ನು ಕಳಿಸುವ ಮುನ್ನ



ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಎರಡು ಮಾತುಗಳು ನಡೆಯುತ್ತವೆ. ಒಂದು ಅಂಕಗಳ ಮಾತು, ಇನ್ನೊಂದು ಮುಂದೆ ಎಲ್ಲಿಗೆ ಎಂಬ ಮಾತು. ಮಂಗಳೂರಿನ ಆಸುಪಾಸಿನಲ್ಲಿರುವ ನಮಗೆ ಈ ಎರಡನೇ ಮಾತು ಸುತ್ತಿ ಬಳಸಿ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. "ಕಲಿಸುವುದು ಚೆನ್ನಾಗಿದೆ, ಶಿಸ್ತೂ ಇದೆ. ಆದರೆ ಅದು ಕ್ರೈಸ್ತರ ಕಾಲೇಜು. ಗೋಡೆಯಲ್ಲಿ ಶಿಲುಬೆ, ಬೆಳಗ್ಗೆ ಅವರ ಪ್ರಾರ್ಥನೆ. ಮಗಳನ್ನು ಕಳಿಸಬಹುದೇ?"

ನಾನು ಪಂಡಿತೆಯಲ್ಲ, ಫತ್ವಾ ಕೊಡುವವಳೂ ಅಲ್ಲ. ಆದರೆ 1994ರಿಂದ 96ರ ವರೆಗೆ ಕ್ರೈಸ್ತ ಸಂನ್ಯಾಸಿನಿಯರ ಪದವಿಪೂರ್ವ ಕಾಲೇಜೊಂದರಲ್ಲಿ ವಿಜ್ಞಾನ ಓದಿದವಳು. ನನ್ನ ಮಗಳು 2022ರಿಂದ 24ರ ವರೆಗೆ ಜೆಸ್ವಿಟ್ ಪಾದ್ರಿಗಳು ನಡೆಸುವ ಕಾಲೇಜಿನಲ್ಲಿ ಪಿಯುಸಿ ಮುಗಿಸಿದಳು. ಎರಡು ತಲೆಮಾರಿನಲ್ಲಿ ನಾವು ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ. ತೀರ್ಮಾನ ನಿಮ್ಮದು.

ಈ ಸಂಸ್ಥೆಗಳು ನಿನ್ನೆ ಮೊನ್ನೆ ಬಂದವುಗಳಲ್ಲ. ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದು ಎಲ್ಲ ಸಮುದಾಯದವರೂ ಕೇಳುತ್ತಿದ್ದ ಕಾಲವದು. ಅದೇ ಸಭೆ 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ತೆರೆಯಿತು. ಜೆಸ್ವಿಟರ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ನಮ್ಮ ಅಜ್ಜಿಯರು ಅಕ್ಷರ ಕಾಣದ ದಿನಗಳಲ್ಲೇ ಈ ಊರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ನಡೆಯುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

ಇನ್ನು ಒಳಗಿನ ಬದುಕು ಹೇಗಿರುತ್ತದೆ ಎಂಬುದಕ್ಕೆ ಬರುತ್ತೇನೆ.

ನಮ್ಮ ದಿನ ಒಂಬತ್ತು ಗಂಟೆಯ ಅಸೆಂಬ್ಲಿಯಿಂದ ಆರಂಭವಾಗುತ್ತಿತ್ತು. ಒಂದು ಪ್ರಾರ್ಥನೆ, ಒಂದು ಸಣ್ಣ ಚಿಂತನೆ, ನಾಡಗೀತೆ. ಕ್ರೈಸ್ತ ಹುಡುಗಿಯರು ಶಿಲುಬೆಯ ಗುರುತು ಮಾಡಿಕೊಳ್ಳುವಾಗ ಉಳಿದವರು ಸುಮ್ಮನೆ ನಿಂತಿರುತ್ತಿದ್ದೆವು. ಕೈ ಜೋಡಿಸು ಎಂದು ಯಾರೂ ಹೇಳಲಿಲ್ಲ. ವಾರಕ್ಕೊಂದು ಗಂಟೆ ಕ್ರೈಸ್ತ ವಿದ್ಯಾರ್ಥಿನಿಯರಿಗೆ ಧರ್ಮೋಪದೇಶ. ಅದೇ ಹೊತ್ತಿಗೆ ಹಿಂದೂ, ಮುಸ್ಲಿಮ್, ಜೈನ ಹುಡುಗಿಯರಿಗೆ ಇನ್ನೊಂದು ಕೋಣೆಯಲ್ಲಿ ಮೌಲ್ಯಶಿಕ್ಷಣ. ಬಲಿಪೂಜೆಯ ದಿನ ಅವರು ಚಾಪೆಲ್‌ಗೆ ಹೋದರೆ ನಾವು ಲೈಬ್ರರಿಗೆ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಕೆಮಿಸ್ಟ್ರಿ ಲ್ಯಾಬ್. ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಸಿಸ್ಟರ್. ಟೈಟ್ರೇಷನ್ ಮಾಡುವಾಗ ಬ್ಯೂರೆಟ್ಟಿನ ರೀಡಿಂಗನ್ನು ಕೂಡಲೇ ಶಾಯಿಯಲ್ಲಿ ಬರೆಯಬೇಕು, ಪೆನ್ಸಿಲ್ ಮುಟ್ಟುವಂತಿಲ್ಲ. "ಬಂದ ರೀಡಿಂಗನ್ನೇ ಬರೆಯಿರಿ. ಪಕ್ಕದವಳದ್ದು ನಿಮ್ಮದಲ್ಲ" ಎನ್ನುತ್ತಿದ್ದರು. ತಪ್ಪು ಉತ್ತರಕ್ಕೆ ಅವರು ಬೈಯುತ್ತಿರಲಿಲ್ಲ, ತಿದ್ದಿದ ಉತ್ತರಕ್ಕೆ ಬೈಯುತ್ತಿದ್ದರು. ದೇವರು ನೋಡುತ್ತಿದ್ದಾನೆ ಎಂದು ಅವರು ಪಾಠದ ನಡುವೆ ಒಮ್ಮೆಯೂ ಹೇಳಿದ್ದು ನೆನಪಿಲ್ಲ. ಆದರೆ ಹಾಗೆ ನಂಬಿದವರು ಕೆಲಸ ಮಾಡುವ ರೀತಿಯನ್ನು ನಾವು ಎರಡು ವರ್ಷ ಕಣ್ಣಾರೆ ಕಂಡೆವು.

ಮಧ್ಯಾಹ್ನ ಹನ್ನೆರಡಕ್ಕೆ ಚಾಪೆಲ್‌ನ ಗಂಟೆ ಬಾರಿಸುತ್ತಿತ್ತು. ಕೈಯಲ್ಲಿ ಪಿಪೆಟ್ ಇದ್ದರೂ ಸಿಸ್ಟರ್ ಅದನ್ನು ಕೆಳಗಿಟ್ಟು ಒಂದು ನಿಮಿಷ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ದೇವದೂತರು ಮರ್ಯಮ್(ಅ)ರಿಗೆ ಮಗುವಿನ ಸುವಾರ್ತೆ ತಂದುದನ್ನು ಸ್ಮರಿಸುವ ಪ್ರಾರ್ಥನೆ ಅದು. ಆ ಪ್ರಸಂಗ ನಮ್ಮ ಕುರ್‌ಆನ್‌ನ ಸೂರಃ ಮರ್ಯಮ್‌ನಲ್ಲೂ ಇದೆಯಲ್ಲವೇ? ಅದಾಗಿ ಅರ್ಧ ತಾಸಿನಲ್ಲಿ ಝುಹ್ರ್ ನಮಾಝ್‌ನ ಸಮಯ. ನಾನೂ ಇನ್ನಿಬ್ಬರು ಹುಡುಗಿಯರೂ ಊಟದ ಬಿಡುವಿನಲ್ಲಿ ಎಲ್ಲಿ ನಮಾಝ್ ಮಾಡುವುದೆಂದು ತಿಳಿಯದೆ ಒಂದು ದಿನ ಆ ಸಿಸ್ಟರ್ ಬಳಿ ಹೋಗಿ ಕೇಳಿದೆವು. ಅವರು ಬ್ಯಾಲೆನ್ಸ್ ರೂಮಿನ ಬೀಗದ ಕೈ ಕೊಟ್ಟರು. "ಹತ್ತು ನಿಮಿಷ ಸಾಕಾ? ಗಂಟೆಗೆ ಸರಿಯಾಗಿ ಕ್ಲಾಸಿಗೆ ಬರಬೇಕು" ಎಂದರು. ಮರುದಿನದಿಂದ ನಾವು ಕೇಳುವ ಮೊದಲೇ ಬೀಗದ ಕೈ ಮೇಜಿನ ಮೇಲಿರುತ್ತಿತ್ತು.

ನನ್ನ ಮಗಳ ಕಾಲೇಜಿನ ಕ್ರಮ ಇನ್ನೊಂದು ಬಗೆಯದು. ಜೆಸ್ವಿಟ್ ಸಂಘವನ್ನು ಸ್ಥಾಪಿಸಿದವರು ಸ್ಪೇನ್ ದೇಶದ ಇಗ್ನೇಷಿಯಸ್ ಲೊಯೊಲಾ. ಆ ಸಂಘ 1599ರಲ್ಲೇ ತನ್ನ ಶಾಲೆಗಳಿಗಾಗಿ ಒಂದು ಪಾಠಕ್ರಮವನ್ನು ಪ್ರಕಟಿಸಿತು. ಹಿಂದಿನ ಪಾಠವನ್ನು ಒಪ್ಪಿಸದೆ ಮುಂದಿನದಕ್ಕೆ ಹೋಗುವಂತಿಲ್ಲ, ವಾರದ ಕೊನೆಗೆ ಇಡೀ ವಾರದ ಪುನರಾವರ್ತನೆ ಎಂಬಂಥ ನಿಯಮಗಳು ಅದರಲ್ಲಿವೆ. ನನ್ನ ಮಗಳಿಗೆ ಪ್ರತಿ ಶನಿವಾರ ಪರೀಕ್ಷೆ ಇರುತ್ತಿದ್ದಾಗ ಇದು ಸಿಇಟಿ, ನೀಟ್‌ಗಾಗಿ ಮಾಡಿದ ಹೊಸ ಏರ್ಪಾಡೆಂದು ಅವಳು ತಿಳಿದಿದ್ದಳು. ನಾಲ್ಕು ಶತಮಾನದ ಹಿಂದಿನ ಪದ್ಧತಿ ಎಂದು ಫಾದರ್ ಒಬ್ಬರು ತರಗತಿಯಲ್ಲಿ ಹೇಳಿದ ದಿನ ಮನೆಗೆ ಬಂದು ಅದನ್ನೇ ಮಾತಾಡಿದಳು.

ಅವಳ ಕ್ರೈಸ್ತ ಗೆಳತಿಯೊಬ್ಬಳು ನೋಟ್ ಪುಸ್ತಕದ ಪ್ರತಿ ಪುಟದ ತಲೆಯಲ್ಲಿ ನಾಲ್ಕು ಅಕ್ಷರ ಬರೆಯುತ್ತಿದ್ದಳಂತೆ, ಎ.ಎಂ.ಡಿ.ಜಿ. 'ದೇವರ ಹೆಚ್ಚಿನ ಮಹಿಮೆಗಾಗಿ' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳವು. ಅವಳ ಪಕ್ಕದಲ್ಲಿ ಕುಳಿತು ನನ್ನ ಮಗಳು ತನ್ನ ಪುಟದ ತಲೆಯಲ್ಲಿ ಬಿಸ್ಮಿಲ್ಲಾಹ್ ಬರೆಯುತ್ತಿದ್ದಳು. ಮದ್ರಸಾದಲ್ಲಿ ಕಲಿತಿದ್ದ ಆ ಅಭ್ಯಾಸ ಹೈಸ್ಕೂಲಿನಲ್ಲಿ ಬಿಟ್ಟುಹೋಗಿತ್ತು. ಮತ್ತೆ ಆರಂಭವಾದದ್ದು ಅಲ್ಲಿ.

ಜೆಸ್ವಿಟರಲ್ಲಿ ಇನ್ನೊಂದು ಸಾಧನೆಯೂ ಇದೆ. ದಿನದ ಕೊನೆಗೆ ಸುಮ್ಮನೆ ಕುಳಿತು ದೇವರಿಗೆ ಕೃತಜ್ಞತೆ ಹೇಳಿ, ಇಡೀ ದಿನವನ್ನು ಬೆಳಗಿನಿಂದ ಮನಸ್ಸಿನಲ್ಲಿ ತಿರುವಿ ನೋಡಿ, ಎಡವಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೊಂದು ನಿರ್ಧಾರ ಮಾಡುವುದು. ಕಾಲೇಜಿನಲ್ಲಿ ಇದನ್ನು ಎಲ್ಲ ಮಕ್ಕಳಿಗೂ ಐದು ನಿಮಿಷದ ಮೌನವಾಗಿ ಮಾಡಿಸುತ್ತಿದ್ದರು, ಯಾರ ಹೆಸರಿನಲ್ಲಿ ಪ್ರಾರ್ಥಿಸಬೇಕೆಂದು ಹೇಳದೆ. "ಉಮ್ಮಾ, ಇದು ನಮ್ಮಲ್ಲೂ ಇದೆಯಾ?" ಎಂದು ಮಗಳು ಕೇಳಿದಳು. ಇದೆ ಮಗಳೇ, ಮುಹಾಸಬಾ ಎನ್ನುತ್ತೇವೆ, ನಾಳೆ ಲೆಕ್ಕ ಕೇಳುವ ಮೊದಲು ಇಂದೇ ನಮ್ಮ ಲೆಕ್ಕ ನಾವು ನೋಡಿಕೊಳ್ಳುವುದು ಎಂದೆ. "ಮತ್ತೆ ನಾವು ಮನೆಯಲ್ಲಿ ಯಾವಾಗ ಮಾಡುತ್ತೇವೆ?" ಎಂದಳು.

ಸೋದರಿಯರೇ, ಕ್ರೈಸ್ತ ಕಾಲೇಜಿನಿಂದ ನಮ್ಮ ಮನೆಗೆ ಬರುವ ನಿಜವಾದ ಪ್ರಶ್ನೆ ಇದೇ ಎಂದು ನನಗನಿಸುತ್ತದೆ. ಅವರು ನಮ್ಮ ಮಕ್ಕಳನ್ನು ಎಳೆದುಕೊಂಡಾರು ಎಂದು ಹೆದರುತ್ತೇವೆ. ಪ್ರಾರ್ಥನೆಗೂ ಓದಿಗೂ ಗೊತ್ತಾದ ಹೊತ್ತಿರುವ ಒಂದು ಮನೆಯಲ್ಲಿ ಮಗು ಏಳು ತಾಸು ಕಳೆದು, ಎರಡಕ್ಕೂ ಹೊತ್ತಿಲ್ಲದ ಮನೆಗೆ ಸಂಜೆ ಮರಳಿದರೆ ಅದು ಯಾರ ಕೊರತೆ? ಟಿ.ವಿ. ಧಾರಾವಾಹಿಯ ನಡುವೆ ಮಗ್ರಿಬ್ ಜಾರಿಹೋಗುವ ಮನೆಯ ಮಗುವಿನ ಈಮಾನ್‌ಗೆ ಗೋಡೆಯ ಶಿಲುಬೆಯಿಂದಲೇ ಅಪಾಯ ಬರಬೇಕೆಂದಿಲ್ಲ.

ಹಾಗೆಂದು ವ್ಯತ್ಯಾಸಗಳನ್ನು ಮುಚ್ಚಿಡಬಾರದು. ಸೆಪ್ಟೆಂಬರ್ 8 ನಮ್ಮೂರಿನ ಕ್ರೈಸ್ತರಿಗೆ ಮೊಂತಿ ಹಬ್ಬ, ಮರ್ಯಮ್(ಅ)ರ ಜನ್ಮದಿನದ ಹಬ್ಬ. ಮಕ್ಕಳು ಹೂ ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಗೆ ಚರ್ಚಿನಲ್ಲಿ ಆಶೀರ್ವಾದವಾಗುತ್ತದೆ, ಅದರ ಅಕ್ಕಿಯನ್ನು ಮನೆಯವರೆಲ್ಲ ಸೇರಿ ಉಣ್ಣುತ್ತಾರೆ. ಕುರ್‌ಆನ್‌ನಲ್ಲಿ ಮರ್ಯಮರ ಹೆಸರಿನದೇ ಒಂದು ಅಧ್ಯಾಯವಿದೆ ಎಂದು ನನ್ನ ಮಗಳು ಹೇಳಿದಾಗ ಅವಳ ಗೆಳತಿಗೆ ನಂಬಲಾಗಲಿಲ್ಲವಂತೆ. ಆ ಸಂಜೆ ನಾವಿಬ್ಬರೂ ಅದರ ಅನುವಾದವನ್ನು ಮೊದಲಿನಿಂದ ಕೊನೆಯ ತನಕ ಓದಿದೆವು. ಒಂದಾಗುವುದು ಎಲ್ಲಿ, ಬೇರೆಯಾಗುವುದು ಎಲ್ಲಿ ಎಂದು ಅವಳೇ ಗುರುತಿಸಿದಳು. ಈಸಾ(ಅ)ರನ್ನು ನಾವು ಪ್ರವಾದಿ ಎನ್ನುತ್ತೇವೆ, ಅವರು ದೇವಪುತ್ರ ಎನ್ನುತ್ತಾರೆ. ಇದು ಸಣ್ಣ ವ್ಯತ್ಯಾಸವಲ್ಲ. ಗೆಳತಿಗೆ ನೋವಾಗದಂತೆ ಅದನ್ನು ಹೇಳಲು ಅವಳಿಗೆ ಬಂತು. ಏಕೆಂದರೆ ತನ್ನದೇನು ಎಂಬುದು ಅವಳಿಗೆ ಗೊತ್ತಿತ್ತು. ಕ್ರಿಸ್‌ಮಸ್‌ಗೆ ಆ ಮನೆಯಿಂದ ಕುಸ್ವಾರ್ ಬರುತ್ತದೆ, ಈದ್‌ಗೆ ನಮ್ಮಿಂದ ಬಿರಿಯಾನಿ ಹೋಗುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಿ. ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಆ ಹಕ್ಕು ಅವರಿಗಿದೆ, ನಮಗೂ ಇದೆ. ಜೊತೆಗೇ 28ನೇ ವಿಧಿಯ ಮೂರನೇ ಉಪವಿಧಿ, ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಅಪ್ರಾಪ್ತ ವಿದ್ಯಾರ್ಥಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಸೇರಿಸುವಂತಿಲ್ಲ ಎನ್ನುತ್ತದೆ. ಕೇರಳದಲ್ಲಿ 1985ರಲ್ಲಿ ಮೂವರು ಒಡಹುಟ್ಟಿದವರನ್ನು ಶಾಲೆಯಿಂದ ಹೊರಹಾಕಲಾಯಿತು. ಅವರು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಗಡದ ಮಕ್ಕಳು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯಂತೆ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಗೌರವದಿಂದ ನಿಲ್ಲುವುದು ಬೇರೆ, ನಂಬದ್ದನ್ನು ಉಚ್ಚರಿಸುವುದು ಬೇರೆ ಎಂಬುದನ್ನು ನಮ್ಮ ಮಕ್ಕಳೂ ತಿಳಿಯಲಿ.

ಉಡುಪಿನ ವಿಷಯದಲ್ಲಿ ನಾವೆಲ್ಲರೂ ನೋವುಂಡಿದ್ದೇವೆ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ತೊಡಗಿದ ಹಿಜಾಬ್ ವಿವಾದ 2022ರ ಮಾರ್ಚ್ 15ರಂದು ಹೈಕೋರ್ಟ್‌ನಲ್ಲಿ ನಮ್ಮ ಹುಡುಗಿಯರ ವಿರುದ್ಧ ತೀರ್ಮಾನವಾಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನನ್ನ ಮಗಳು ಪಿಯುಸಿ ಸೇರಿದ್ದು ಅದೇ ವರ್ಷ. ಸ್ಕಾರ್ಫ್ ಬಗ್ಗೆ ಸ್ಪಷ್ಟ ಉತ್ತರ ಕೊಡದ ಒಂದು ಕಾಲೇಜನ್ನು ಬಿಟ್ಟು, ಸ್ಪಷ್ಟವಾಗಿ ಉತ್ತರಿಸಿದ ಕಾಲೇಜನ್ನು ನಾವು ಆರಿಸಿಕೊಂಡೆವು.

ಇಷ್ಟೆಲ್ಲ ಬರೆಯಲು ನನಗೆ ಕಾರಣಳಾದವಳು ಒಬ್ಬ ಗೆಳತಿ. ಮದ್ರಸಾದಲ್ಲೂ ಶಾಲೆಯಲ್ಲೂ ಒಂದೇ ಬೆಂಚಿನವರು ನಾವು. 1994ರ ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ನನಗಿಂತ 31 ಅಂಕ ಹೆಚ್ಚು ಬಂದಿತ್ತು. ನಾನು ಹೋದ ಕಾಲೇಜಿನಲ್ಲೇ ಅವಳಿಗೂ ಸೀಟು ಸಿಕ್ಕಿತ್ತು. ಬೇರೆ ಕಾಲೇಜಿಗಾದರೆ ಎರಡು ಬಸ್ಸು ಬದಲಿಸಬೇಕು. "ಸಿಸ್ಟರ್‌ಗಳ ಜೊತೆ ಬಿಟ್ಟರೆ ಈಮಾನ್ ಉಳಿಯುವುದಿಲ್ಲ" ಎಂದರು ಅವಳ ಮನೆಯವರು. ಅಲ್ಲಿಗೆ ಅವಳ ಓದು ಮುಗಿಯಿತು. ಗಣಿತದಲ್ಲಿ ನನಗೆ ಹೇಳಿಕೊಡುತ್ತಿದ್ದವಳು ಅವಳು.

2025ರಲ್ಲಿ ಅವಳ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಮತ್ತೆ ಅದೇ ಕಾಲೇಜು, ಅದೇ ಮಾತು. ಈ ಸಲ ಹುಡುಗಿಯ ಅಜ್ಜಿಯಿಂದ. ಗೆಳತಿ ಫೋನ್ ಮಾಡಿ, "ನೀನೊಮ್ಮೆ ಬಂದು ಹೇಳು. ನನ್ನ ಮಾತು ಇಲ್ಲಿ ನಡೆಯುವುದಿಲ್ಲ" ಎಂದಳು. ಹೋದೆ. ಅಜ್ಜಿ ನನ್ನನ್ನು ಕೇಳಿದ್ದು ಒಂದೇ: "ಅಲ್ಲಿ ಮೊಣಕಾಲೂರಿಸುತ್ತಾರಾ ಮಗಳೇ?" ಇಲ್ಲ ಎಂದೆ. ಬೀಗದ ಕೈಯ ಕಥೆ ಹೇಳಿದೆ. ಪ್ರವಾದಿವರ್ಯರು(ಸ) ಮಕ್ಕಾದಲ್ಲಿ ಕಿರುಕುಳಕ್ಕೊಳಗಾದ ಸಂಗಾತಿಗಳನ್ನು ಕ್ರೈಸ್ತ ದೊರೆಯ ಆಶ್ರಯಕ್ಕೆ ಅಬಿಸೀನಿಯಾಕ್ಕೆ ಕಳಿಸಿದ್ದನ್ನೂ, ಅಲ್ಲಿ ಜಅಫರ್(ರ) ಸೂರಃ ಮರ್ಯಮ್ ಓದಿದ್ದನ್ನೂ ನೆನಪಿಸಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನೇ ಬಂದು ನೋಡುತ್ತೇನೆ" ಎಂದರು. ಬಂದರು. ಪ್ರಿನ್ಸಿಪಾಲ್ ಸಿಸ್ಟರ್ ಕುರ್ಚಿ ಎಳೆದು ಅವರನ್ನು ಕೂರಿಸಿದರು. ಅಜ್ಜಿ ನಮಾಝ್, ಉಡುಪು, ಹಬ್ಬದ ರಜೆ ಎಲ್ಲವನ್ನೂ ಬೆರಳು ಮಡಚಿ ಕೇಳಿದರು. ಹುಡುಗಿ ಸೇರಿದಳು. ಗೆಳತಿ ಗೇಟಿನ ಬಳಿಯೇ ನಿಂತು ಕಟ್ಟಡವನ್ನು ನೋಡುತ್ತಿದ್ದಳು. ಒಳಗೆ ಬಾ ಎಂದು ಎರಡು ಸಲ ಕರೆಯಬೇಕಾಯಿತು.

ಆದ್ದರಿಂದ ತಾಯಂದಿರೇ, ಊಹೆಯಿಂದ ಬೇಡವೆನ್ನಬೇಡಿ, ಕಣ್ಣು ಮುಚ್ಚಿ ಕಳಿಸಲೂ ಬೇಡಿ. ಆ ಅಜ್ಜಿಯಂತೆ ಹೋಗಿ ಕೇಳಿ. ಧರ್ಮೋಪದೇಶದ ಹೊತ್ತಿನಲ್ಲಿ ನಮ್ಮ ಮಕ್ಕಳು ಎಲ್ಲಿರುತ್ತಾರೆ? ಝುಹ್ರ್‌ಗೆ ಜಾಗವಿದೆಯೇ? ಹುಡುಗರಿಗೆ ಶುಕ್ರವಾರ ಜುಮಾಕ್ಕೆ ಬಿಡುವುಂಟೇ? ರಮಝಾನ್‌ನಲ್ಲಿ ಪ್ರಾಕ್ಟಿಕಲ್ ಬಂದರೆ ಹೇಗೆ? ಸ್ಕಾರ್ಫ್‌ನ ನಿಯಮವೇನು? ಉತ್ತರ ಒಪ್ಪಿಗೆಯಾದರೆ ಸೇರಿಸಿ. ಸೇರಿಸಿದ ಮೇಲೆ ಅಲ್ಲಿನ ಶಿಸ್ತಿಗೆ ಗೌರವ ಕೊಡಲು ಕಲಿಸಿ.

ಆಮೇಲೆ ಮನೆಯ ಪಾಲಿನ ಕೆಲಸ ಉಳಿಯುತ್ತದೆ. ದಿನಕ್ಕೆ ಕಾಲು ತಾಸು ಮಗಳ ಜೊತೆ ಅರ್ಥಸಹಿತ ಕುರ್‌ಆನ್ ಓದಿ. ಅವಳು ಪ್ರಶ್ನೆ ತಂದರೆ ಬಾಯಿ ಮುಚ್ಚಿಸಬೇಡಿ. ಗೊತ್ತಿಲ್ಲದಿದ್ದರೆ ತಿಳಿದವರಲ್ಲಿ ಕೇಳಿ ನಾಳೆ ಹೇಳಿ. ಮಲಗುವ ಮುನ್ನ ಐದು ನಿಮಿಷ ದಿನದ ಲೆಕ್ಕ ನೋಡಿಕೊಳ್ಳಿ, ತಾಯಿಯೂ ಮಗಳೂ ಒಟ್ಟಿಗೆ. ನಮ್ಮ ಮನೆಯಲ್ಲಿ ಇಶಾ ನಮಾಝ್‌ನ ನಂತರ ಈಗ ಅದಕ್ಕೊಂದು ಹೊತ್ತಿದೆ, ಅಲ್‌ಹಮ್ದುಲಿಲ್ಲಾಹ್. ಮಗಳು ಹಾಸ್ಟೆಲ್ ಸೇರಿದ ಮೇಲೂ ಅದು ನಿಂತಿಲ್ಲ.