ಪರೀಕ್ಷೆ ಮೊದಲು, ಮದ್ದು ನಂತರ



ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರವೆಂಬ ಗ್ರಾಮವಿದೆ. ಶಿಯಾ ಮುಸ್ಲಿಮರೇ ಬಹುಸಂಖ್ಯೆಯಲ್ಲಿರುವ ಈ ಊರು ಮೊಹರಂ ಆಚರಣೆಗೂ ರತ್ನದ ವ್ಯಾಪಾರಕ್ಕೂ ಹೆಸರಾದುದು. ಅಲ್ಲಿನ ಹಿರಿಯ ವ್ಯಾಪಾರಿಯೊಬ್ಬರು ನನಗೆ ಹೇಳಿದ ಮಾತೊಂದುಂಟು: "ಫಾದರ್, ಕಲ್ಲನ್ನು ಬೆಳಕಿಗೆ ಹಿಡಿಯುವ ಮೊದಲೇ ಬೆಲೆ ಹೇಳುವವನನ್ನು ನಂಬಬೇಡಿ." ಇದು ವ್ಯಾಪಾರದ ಮಾತು, ನಿಜ. ಆದರೆ ನಾಯಿ ಬೆಕ್ಕುಗಳಿಗೆ ಬರುವ ಲಿಂಫೋಮಾ ಎಂಬ ಕ್ಯಾನ್ಸರ್ ಕುರಿತು ತಮ್ಮೊಡನೆ ವಿಚಾರ ಹಂಚಿಕೊಳ್ಳಹೊರಟಾಗ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ತೋಚುತ್ತಿಲ್ಲ.

ಗುರುವಾದವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ಮನೆಭೇಟಿಗೆ ಹೋದಾಗ ಜನರು ತಮ್ಮ ಎಲ್ಲ ದುಃಖಗಳನ್ನೂ ನಮ್ಮ ಮುಂದಿಡುತ್ತಾರೆ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ವೃದ್ಧ ದಂಪತಿಗಳಿಗೆ ನಾಯಿಯೊಂದೇ ಸಂಗಾತಿಯಾಗಿರುವ ಮನೆಗಳು ಇಂದು ಎಷ್ಟಿಲ್ಲ? ಅಂತಹ ಮನೆಯಲ್ಲಿ ಆ ಪ್ರಾಣಿಯ ಕಾಯಿಲೆ ಸಣ್ಣ ಸಂಗತಿಯಲ್ಲ.

ಲಿಂಫೋಮಾ ಎಂದರೇನು? ದೇಹವನ್ನು ರೋಗಾಣುಗಳಿಂದ ಕಾಯುವ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳುಂಟು. ಕಾವಲಿಗಿದ್ದ ಆ ಕಣಗಳೇ ಅಂಕೆಮೀರಿ ಬೆಳೆಯತೊಡಗಿದರೆ ಅದು ಲಿಂಫೋಮಾ. ದುಗ್ಧರಸ ಗ್ರಂಥಿ, ಗುಲ್ಮ, ಯಕೃತ್ತು, ಕರುಳು ಮುಂತಾದ ಅಂಗಗಳಲ್ಲಿ ಅದು ನೆಲೆಯೂರುತ್ತದೆ. ಈ ಕ್ಯಾನ್ಸರ್ ಮನುಷ್ಯರಿಗೆ ಅಂಟುವಂತಹುದಲ್ಲ. ಮಕ್ಕಳನ್ನು ನಾಯಿಯಿಂದ ದೂರವಿಡಬೇಕೆಂಬ ಭಯ ಬೇಡ.

ಈ ರೋಗ ಬಂದ ಹತ್ತು ನಾಯಿಗಳಲ್ಲಿ ಸುಮಾರು ಎಂಟಕ್ಕೆ ಅದು ಮೈತುಂಬ ಗ್ರಂಥಿಗಳ ಊತವಾಗಿ ಕಾಣಿಸಿಕೊಳ್ಳುತ್ತದೆ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗಟ್ಟಿಯಾದ ಗಂಟುಗಳು ಕೈಗೆ ಸಿಗುತ್ತವೆ. ಮುಟ್ಟಿದರೆ ನೋವಿಲ್ಲ. ನಾಯಿ ಎಂದಿನಂತೆ ಉಣ್ಣುತ್ತದೆ, ಬಾಲವಾಡಿಸುತ್ತದೆ. ನೋವಿಲ್ಲದ ಕಾರಣದಿಂದಲೇ ಮನೆಯವರು ತಡಮಾಡುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಅನೇಕ ನಾಯಿಗಳಿಗೆ ಉಳಿಯುವ ಕಾಲ 4ರಿಂದ 6 ವಾರ ಮಾತ್ರ.

ಆದರೆ ಊದಿದ ಗಂಟೆಲ್ಲವೂ ಕ್ಯಾನ್ಸರ್ ಅಲ್ಲ. ನಮ್ಮ ನಾಡಿನಲ್ಲಿ ಉಣ್ಣೆಗಳಿಂದ ಹರಡುವ ಜ್ವರಗಳು ಬಹಳ. ಅವುಗಳಿಂದಲೂ ಗ್ರಂಥಿಗಳು ಊದಿಕೊಳ್ಳುತ್ತವೆ, ನಾಯಿ ಸೊರಗುತ್ತದೆ. ಒಂದಕ್ಕೆ ಕೆಲವು ವಾರಗಳ ಮಾತ್ರೆ ಸಾಕು, ಇನ್ನೊಂದಕ್ಕೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಹೊರಗಿನಿಂದ ನೋಡಿ ಎರಡನ್ನೂ ಬೇರ್ಪಡಿಸುವುದು ಹೇಗೆ? ಅಲ್ಲಿಯೇ ಸೂಜಿಯ ಪರೀಕ್ಷೆ ನೆರವಿಗೆ ಬರುವುದು. ಪಶುವೈದ್ಯರು ಸಣ್ಣ ಸೂಜಿಯೊಂದನ್ನು ಗಂಟಿಗೆ ಚುಚ್ಚಿ, ಬಂದ ಕಣಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅರಿವಳಿಕೆ ಬೇಕಿಲ್ಲ, ಕೆಲವೇ ನಿಮಿಷಗಳ ಕೆಲಸ. ಸಂದೇಹ ಉಳಿದರೆ ಗಂಟಿನ ತುಣುಕನ್ನು ತೆಗೆದು ಬಯಾಪ್ಸಿ ಮಾಡಿಸಬೇಕಾಗುತ್ತದೆ. ಬಳಿಕ ರಕ್ತಪರೀಕ್ಷೆ, ಎಕ್ಸ್-ರೇ, ಸ್ಕ್ಯಾನಿಂಗ್‌ಗಳಿಂದ ರೋಗ ಎಷ್ಟು ಹರಡಿದೆಯೆಂದು ತಿಳಿದು, ಐದು ಹಂತಗಳಲ್ಲಿ ಯಾವುದೆಂದು ಗುರುತಿಸುತ್ತಾರೆ. ರೋಗ ಬಿ ಕಣದ್ದೋ ಟಿ ಕಣದ್ದೋ ಎಂಬುದೂ ಮುಖ್ಯ. ಟಿ ಕಣದ ರೋಗ ಸಾಮಾನ್ಯವಾಗಿ ಹೆಚ್ಚು ಹಠಮಾರಿ.

ಗೌರಿಬಿದನೂರಿನ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಒಂಬತ್ತು ವರ್ಷದ ಲ್ಯಾಬ್ರಡಾರ್ ನಾಯಿಯಿತ್ತು. ದವಡೆಯಡಿ ಗಂಟು ಕಂಡಾಗ ಅವರು ಯಾರದೋ ಸಲಹೆಯಂತೆ ಔಷಧದ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ಕೊಟ್ಟರು. ನಾಲ್ಕೇ ದಿನಗಳಲ್ಲಿ ಗಂಟು ಕರಗಿತು. ಮನೆಯಲ್ಲಿ ಸಂತಸವೋ ಸಂತಸ. ತಿಂಗಳು ಕಳೆಯುವ ಮೊದಲೇ ಗಂಟುಗಳು ಮತ್ತೆ ಬಂದವು, ಈ ಬಾರಿ ಮೈಯೆಲ್ಲ. ಬೆಂಗಳೂರಿನ ವೈದ್ಯರು ವಿಷಯವನ್ನು ವಿವರಿಸಿದಾಗ ಆ ಹಿರಿಯರ ಮುಖ ಬಾಡಿತು. ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಲಿಂಫೋಮಾದ ಕಣಗಳನ್ನು ತಾತ್ಕಾಲಿಕವಾಗಿ ಕೊಲ್ಲುತ್ತದೆ. ಆಗ ಪರೀಕ್ಷೆಯಲ್ಲಿ ರೋಗ ಸ್ಪಷ್ಟವಾಗಿ ಕಾಣದೆ ಹೋಗಬಹುದು. ಅಷ್ಟೇ ಅಲ್ಲ, ಬದುಕುಳಿದ ಕಣಗಳು ಮುಂದಿನ ಔಷಧಗಳಿಗೂ ಜಗ್ಗದಂತಾಗಬಹುದು. ಆದುದರಿಂದ ಪರೀಕ್ಷೆ ಮೊದಲು, ಮದ್ದು ನಂತರ.

ಅಲೀಪುರದಂತಹ ಊರಿನವರಿಗೆ ಇದು ಸಾಧ್ಯವೇ? ಸಾಧ್ಯ. ನಮ್ಮ ಗ್ರಾಮಾಂತರದ ಪಶುವೈದ್ಯರ ದಿನದ ಬಹುಪಾಲು ಹಸು, ಎಮ್ಮೆ, ಕುರಿಗಳ ಆರೈಕೆಯಲ್ಲಿ ಕಳೆಯುತ್ತದೆ. ಆದರೂ ಸೂಜಿಯಿಂದ ಕಣ ತೆಗೆಯುವುದು ಅವರಿಗೆ ತಿಳಿಯದ ವಿದ್ಯೆಯೇನಲ್ಲ. ಮೊದಲ ಪರೀಕ್ಷೆಗೆ ನಾಯಿಯೇ ಬೆಂಗಳೂರಿಗೆ ಹೋಗಬೇಕೆಂದಿಲ್ಲ, ಸ್ಲೈಡ್ ಹೋದರೂ ಆದೀತು. ಚಿಕಿತ್ಸೆಗೆ ಹೋಗಲೇಬೇಕಾದರೆ ದೊಡ್ಡಬಳ್ಳಾಪುರ, ಯಲಹಂಕಗಳನ್ನು ದಾಟಿದ ಮೇಲೆ ಹೆಬ್ಬಾಳ ಸಿಗುತ್ತದೆ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಅಲ್ಲಿದೆ.

ಚಿಕಿತ್ಸೆಯೆಂದರೆ ಮುಖ್ಯವಾಗಿ ಕೀಮೋಥೆರಪಿ. ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೋಲೋನ್ ಎಂಬ ನಾಲ್ಕು ಔಷಧಗಳನ್ನು ಸರದಿಯಂತೆ ಸುಮಾರು ಐದಾರು ತಿಂಗಳು ಕೊಡುತ್ತಾರೆ. ಇವುಗಳ ಮೂಲ ಸೋಜಿಗದ್ದು. ವಿನ್‌ಕ್ರಿಸ್ಟಿನ್ ದೊರೆಯುವುದು ನಮ್ಮ ಅಂಗಳಗಳಲ್ಲಿಯೂ ಸಮಾಧಿಗಳ ಬದಿಯಲ್ಲಿಯೂ ಅರಳುವ ನಿತ್ಯಪುಷ್ಪದ ಗಿಡದಿಂದ. ಡಾಕ್ಸೊರುಬಿಸಿನ್ ಬಂದದ್ದು ಇಟಲಿಯ ಕಾಸ್ತೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ಕಂಡ ಸೂಕ್ಷ್ಮಾಣುವಿನ ಸಂತತಿಯಿಂದ. ವಿನ್‌ಕ್ರಿಸ್ಟಿನ್ ನಮ್ಮ ಪಶುವೈದ್ಯರಿಗೆ ಚಿರಪರಿಚಿತ. ಬೀದಿನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಗಡ್ಡೆಗೆ ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದು ಅದೇ. ಆದರೆ ರಕ್ತನಾಳದಿಂದ ಹೊರಕ್ಕೆ ಸೋರಿದರೆ ಅದು ಮಾಂಸವನ್ನೇ ಸುಡುತ್ತದೆ. ಡಾಕ್ಸೊರುಬಿಸಿನ್ ಮಿತಿಮೀರಿದರೆ ನಾಯಿಯ ಹೃದಯಕ್ಕೆ ಹಾನಿ. ಹೀಗಾಗಿ ಇದು ಪಳಗಿದ ಕೈಗಳ ಕೆಲಸ.

ಫಲವೇನು? ಈ ಚಿಕಿತ್ಸೆ ಪಡೆದ ನೂರರಲ್ಲಿ 80ರಿಂದ 90 ನಾಯಿಗಳಲ್ಲಿ ಗಂಟುಗಳು ಇಳಿಯುತ್ತವೆ. ಬಿ ಕಣದ ರೋಗವಿದ್ದವು ಸಾಮಾನ್ಯವಾಗಿ ಒಂದು ವರ್ಷದಷ್ಟು ಬದುಕುತ್ತವೆ. ಸುಮಾರು ಕಾಲುಭಾಗದಷ್ಟು ಎರಡು ವರ್ಷವನ್ನು ತಲುಪುತ್ತವೆ. ಪೂರ್ಣ ಗುಣ ಅಪರೂಪ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಪಶುವೈದ್ಯರ ಗುರಿ ಹೇಗಾದರೂ ರೋಗವನ್ನು ಬೇರುಸಹಿತ ಕೀಳುವುದಲ್ಲ, ಉಳಿದ ದಿನಗಳನ್ನು ಒಳ್ಳೆಯ ದಿನಗಳನ್ನಾಗಿಸುವುದು. ಅದಕ್ಕೆಂದೇ ಮನುಷ್ಯರಿಗಿಂತ ಸೌಮ್ಯವಾದ ಪ್ರಮಾಣದಲ್ಲಿ ಔಷಧ ಕೊಡುತ್ತಾರೆ. ಹೆಚ್ಚಿನ ನಾಯಿಗಳಿಗೆ ಕೂದಲು ಉದುರುವುದಿಲ್ಲ. ಒಂದೆರಡು ದಿನ ವಾಂತಿ, ಭೇದಿ, ಊಟದಲ್ಲಿ ನಿರಾಸಕ್ತಿ ತೋರಬಹುದು. ಚುಚ್ಚುಮದ್ದಿನ ನಂತರದ ವಾರದಲ್ಲಿ ಜ್ವರ ಬಂದರೆ ಮಾತ್ರ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಆ ದಿನಗಳಲ್ಲಿ ಮಲಮೂತ್ರವನ್ನು ಕೈಗವಸು ಧರಿಸಿ ಶುಚಿಮಾಡಬೇಕು. ಗರ್ಭಿಣಿಯರೂ ಮಕ್ಕಳೂ ಅದನ್ನು ಮುಟ್ಟಬಾರದು.

ಬೆಕ್ಕಿನ ಕಥೆ ಬೇರೆ. 1964ರಲ್ಲಿ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಜ್ಯಾರೆಟ್ ಅವರು ಬೆಕ್ಕಿನ ಲಿಂಫೋಮಾದ ಹಿಂದೆ ವೈರಸ್ಸೊಂದು ಇರುವುದನ್ನು ಕಂಡರು. ಬೆಕ್ಕಿನಿಂದ ಬೆಕ್ಕಿಗೆ ಜೊಲ್ಲಿನ ಮೂಲಕ ಹರಡುವ ಆ ವೈರಸ್ ಮನುಷ್ಯನಿಗೆ ಬರುವುದಿಲ್ಲ. ಇಂದು ಹೆಚ್ಚು ಕಾಣುವುದು ಮುದಿ ಬೆಕ್ಕುಗಳ ಕರುಳಿನ ಲಿಂಫೋಮಾ. ಕತ್ತಿನಲ್ಲಿ ಗಂಟಿಲ್ಲ, ಬೆಕ್ಕು ಮೆಲ್ಲಮೆಲ್ಲನೆ ಇಳಿದುಹೋಗುತ್ತದೆ, ಆಗಾಗ ವಾಂತಿ ಮಾಡುತ್ತದೆ. ಆರಂಭದಲ್ಲಿ ಹೇಳಿದ ವ್ಯಾಪಾರಿಗಳ ಮನೆಯ ಬೆಕ್ಕಿಗೂ ಹೀಗೆಯೇ ಆಯಿತು. ಆ ಸಂಪ್ರದಾಯದಲ್ಲಿ ನಾಯಿಗೆ ಮನೆಯ ಹೊರಗಷ್ಟೇ ಜಾಗ, ಬೆಕ್ಕಿಗೋ ಜಾನಮಾಜಿನ ಅಂಚಿನಲ್ಲಿಯೂ ಮಲಗುವ ಸಲಿಗೆ. "ವಯಸ್ಸಾಯಿತು, ಬಿಡಿ" ಎಂದು ನೆರೆಯವರು ಹೇಳಿದರೂ ಆ ಹಿರಿಯರು ಬಿಡಲಿಲ್ಲ. ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಆಯಿತು, ಕರುಳಿನ ತುಣುಕಿನ ಪರೀಕ್ಷೆಯಾಯಿತು. ಸಣ್ಣ ಕಣದ, ನಿಧಾನವಾಗಿ ಬೆಳೆಯುವ ಬಗೆಯದೆಂದು ತಿಳಿಯಿತು. ಅದಕ್ಕೆ ಕ್ಲೋರಾಂಬ್ಯುಸಿಲ್ ಮತ್ತು ಪ್ರೆಡ್ನಿಸೋಲೋನ್ ಮಾತ್ರೆಗಳನ್ನು ಮನೆಯಲ್ಲಿಯೇ ಕೊಡಬಹುದು. ಸೊಸೆ ತಪ್ಪದೆ ಕೊಟ್ಟರು. ಬೆಕ್ಕು ಇನ್ನೂ ಎರಡು ಮೊಹರಂ ಕಂಡಿತು. ದೊಡ್ಡ ಕಣದ ಬಗೆಯಾಗಿದ್ದರೆ ಕೆಲವೇ ತಿಂಗಳುಗಳ ಮಾತಾಗಿರುತ್ತಿತ್ತು.

"ಸ್ವಾಮಿ, ಒಂದು ನಾಯಿಗಾಗಿ ಇಷ್ಟು ಖರ್ಚು ಮಾಡುವುದು ಪಾಪವಲ್ಲವೇ?" ಎಂದು ಆ ಶಿಕ್ಷಕರು ನನ್ನನ್ನು ಕೇಳಿದ್ದರು. ಕಥೋಲಿಕ ಧರ್ಮೋಪದೇಶದ 2418ನೆಯ ಪರಿಚ್ಛೇದವು ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ: ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು ಮಾನವ ಘನತೆಗೆ ವಿರುದ್ಧ, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತರವಲ್ಲ. ಹಾಗಾಗಿ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಶಕ್ತಿಯಿದ್ದವರು ಪೂರ್ಣ ಚಿಕಿತ್ಸೆ ಕೊಡಿಸಲಿ. ಮಗಳ ಓದಿಗೋ ಹೆಂಡತಿಯ ಔಷಧಕ್ಕೋ ಹಣ ಹೊಂದಿಸಬೇಕಾದವರು, ಪರೀಕ್ಷೆಯಿಂದ ರೋಗ ಖಚಿತವಾದ ಮೇಲೆ, ವೈದ್ಯರ ಸಲಹೆಯಂತೆ ಪ್ರೆಡ್ನಿಸೋಲೋನ್ ಒಂದನ್ನೇ ಕೊಟ್ಟು ಒಂದೆರಡು ತಿಂಗಳ ನೆಮ್ಮದಿಯನ್ನು ಪಡೆದರೆ ಅದರಲ್ಲಿ ನಾಚಿಕೆಪಡುವಂತಹುದೇನಿಲ್ಲ. ಶಿಕ್ಷಕರು ಆರಿಸಿಕೊಂಡದ್ದು ಈ ಎರಡನೆಯ ದಾರಿಯನ್ನು. ಕೊನೆಗೆ ನಾಯಿ ಅನ್ನ ಮುಟ್ಟದೆ ಉಸಿರಿಗೆ ಕಷ್ಟಪಡತೊಡಗಿದಾಗ, ಪಶುವೈದ್ಯರನ್ನು ಕರೆಸಿ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಿಸಿದರು. ಮನುಷ್ಯರ ವಿಷಯದಲ್ಲಿ ನಾವು ಒಪ್ಪದ ದಯಾಮರಣದ ನಿಷೇಧ ಪ್ರಾಣಿಗೆ ಅನ್ವಯಿಸದೆಂದು ನಾನು ಅವರಿಗೆ ಹೇಳಿದೆ.

ಓದುಗರೇ, ತಮ್ಮ ಮನೆಯಲ್ಲಿ ನಾಯಿಯಿದ್ದರೆ ತಿಂಗಳಿಗೊಮ್ಮೆ ಅದರ ದವಡೆಯಡಿ, ಭುಜದ ಮುಂದೆ, ಮಂಡಿಯ ಹಿಂದೆ ಕೈಯಾಡಿಸಿ ನೋಡಿರಿ. ಬೆಕ್ಕಿದ್ದರೆ ಅದನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಅದರ ತೂಕವನ್ನು ಬರೆದಿಡಿರಿ. ಗಂಟು ಸಿಕ್ಕರೆ, ತೂಕ ಇಳಿದಿದ್ದರೆ ಔಷಧದ ಅಂಗಡಿಗೆ ಹೋಗಬೇಡಿರಿ, ಪಶುವೈದ್ಯರಲ್ಲಿಗೆ ಹೋಗಿರಿ. ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವಿಗೆ ನಾವು ಸಲ್ಲಿಸಬೇಕಾದ ಮೊದಲ ನ್ಯಾಯ, ಅದಕ್ಕೆ ಏನಾಗಿದೆಯೆಂದು ಸರಿಯಾಗಿ ತಿಳಿದುಕೊಳ್ಳುವುದು.