ಗುಂಯ್‌ಗುಟ್ಟಿದ್ದೆಲ್ಲ ಪಂಪಿನ ತಪ್ಪಲ್ಲ

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಬರುವ ಗಾಡಿಗಳನ್ನು ಬೆಟ್ಟದ ಬುಡದಲ್ಲಿ ಕಣ್ಣು ಮುಚ್ಚಿಕೊಂಡು ಕೇಳಬೇಕು. ಉಚ್ಚಂಗೆಮ್ಮನ ದರ್ಶನಕ್ಕೆಂದು ಹತ್ತು ಜನರನ್ನು ತುಂಬಿಕೊಂಡು ಬಂದ ಬೊಲೆರೊ, ಟವೇರಾ, ಹಳೆಯ ಇನ್ನೋವಾಗಳು ಇಕ್ಕಟ್ಟಿನ ಜಾಗದಲ್ಲಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸುತ್ತವೆ. ಪವರ್ ಸ್ಟೇರಿಂಗಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ: ಭಾರ ಹೊತ್ತ ಟೈರು ನೆಲ ಕಚ್ಚಿಕೊಂಡಿರುತ್ತದೆ, ಎಂಜಿನ್ ಐಡ್ಲಿಂಗ್‌ನಲ್ಲಿ ಇರುವುದರಿಂದ ಪಂಪ್ ನಿಧಾನವಾಗಿ ಸುತ್ತುತ್ತದೆ, ಆದರೂ ಒತ್ತಡ ಮಾತ್ರ ತುದಿ ಮುಟ್ಟಬೇಕು. ಆಗ ಒಂದು ಗಾಡಿ ಗುಂಯ್ ಎನ್ನುತ್ತದೆ, ಇನ್ನೊಂದು ಕಿರ್ರನೆ ಅರಚುತ್ತದೆ, ಮತ್ತೊಂದು ಟಕ್ ಎಂದು ಸುಮ್ಮನಾಗುತ್ತದೆ. ಮೂರೂ ಬೇರೆ ಬೇರೆ ದೂರುಗಳು. ಗ್ಯಾರೇಜಿನಲ್ಲಿ ಮಾತ್ರ ಎಷ್ಟೋ ಸಲ ಮೂರಕ್ಕೂ ಒಂದೇ ತೀರ್ಪು: ಪಂಪ್ ಹೋಗಿದೆ. ಅರಚುವುದು ಜಾರುತ್ತಿರುವ ಬೆಲ್ಟ್. ಟಕ್ ಎನ್ನುವುದು ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ಶಾಫ್ಟಿನ ಜಾಯಿಂಟ್. ಎಂಜಿನ್ ಆರಿಸಿ ತಿರುಗಿಸಿದಾಗಲೂ ಅದು ಕೇಳಿಸಿದರೆ ಪಂಪ್ ನಿರ್ದೋಷಿ, ಏಕೆಂದರೆ ಆಗ ಅದು ಸುತ್ತುತ್ತಲೇ ಇಲ್ಲ. ಫುಲ್ ಕಟ್ ಹೊಡೆದಾಗ ಬರುವ ಸಣ್ಣ ಸುಸ್ ಸದ್ದಂತೂ ಕಾಯಿಲೆಯೇ ಅಲ್ಲ. ವಾಲ್ವಿನ ಕಿರಿದಾದ ಸಂದಿಯಲ್ಲಿ ಆಯಿಲ್ ನುಗ್ಗುವ ಸದ್ದು ಅದು. ಉಳಿಯುವುದು ಗುಂಯ್ ಒಂದೇ. ಅದು ಪಂಪಿನಿಂದಲೇ ಬರುತ್ತದೆ, ನಿಜ. ಆದರೆ ನೋವು ತಿನ್ನುವವನನ್ನೇ ಅಪರಾಧಿ ಎಂದು ಹಿಡಿದುಹಾಕುವ ಈ ಪದ್ಧತಿಗೆ ನನ್ನ ತಕರಾರಿದೆ.

ಲೆಕ್ಕ ಹಾಕಿ ನೋಡಿ. ಹತ್ತು ವೇನ್‌ಗಳಿರುವ ಪಂಪ್ ಒಂದು ಸುತ್ತಿಗೆ ಹತ್ತು ಬಾರಿ ಆಯಿಲನ್ನು ತಳ್ಳುತ್ತದೆ. ಅದು ಎಂಜಿನ್ನಿನಷ್ಟೇ ವೇಗದಲ್ಲಿ, ನಿಮಿಷಕ್ಕೆ 800 ಸುತ್ತು ಸುತ್ತುತ್ತಿದ್ದರೆ ಸೆಕೆಂಡಿಗೆ 130ಕ್ಕೂ ಹೆಚ್ಚು ಮಿಡಿತ. ಅಂದರೆ ಪ್ರತಿ ಆರೋಗ್ಯವಂತ ಪಂಪಿಗೂ ತನ್ನದೊಂದು ಸ್ವರ ಇದ್ದೇ ಇದೆ. ಎಂಜಿನ್ ಏರಿದಂತೆ ಆ ಸ್ವರವೂ ಏರುತ್ತದೆ. ಪ್ರೆಷರ್ ಹೋಸಿನ ರಬ್ಬರು ಈ ಮಿಡಿತವನ್ನು ನುಂಗಿಕೊಳ್ಳಬೇಕು. ಕ್ಲಿಪ್ ಬಿಚ್ಚಿ ಹೋಸ್ ಚಾಸಿಗೆ ತಾಗಿದರೂ ಸಾಕು, ಇಡೀ ಬಾಡಿ ಗುಂಯ್‌ಗುಡತೊಡಗುತ್ತದೆ. ಇದಕ್ಕಿಂತ ಕಳ್ಳತನದ್ದು ಇನ್ನೊಂದಿದೆ: ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್ ಹೋಸ್. ಎಂಜಿನ್ ನಡೆಯುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಬಿಸಿಗೆ ರಬ್ಬರು ಗಟ್ಟಿಯಾಗಿ ಕ್ಲಿಪ್ ಸಡಿಲಾದರೆ ಆಯಿಲ್ ಹೊರಕ್ಕೆ ಹನಿಯುವುದಿಲ್ಲ, ಗಾಳಿಯೇ ಒಳಕ್ಕೆ ನುಸುಳಿ ಪಂಪನ್ನು ಗುಂಯ್‌ಗುಡಿಸುತ್ತದೆ. ‘ಎಲ್ಲೂ ಲೀಕ್ ಇಲ್ಲ, ಹಾಗಾಗಿ ಪಂಪೇ’ ಎನ್ನುವ ತರ್ಕ ಮುರಿದುಬೀಳುವುದು ಇಲ್ಲಿ. ಹನಿ ಕಾಣದಿರುವುದು ಹೋಸ್ ಸರಿ ಇದೆ ಎಂಬುದಕ್ಕೆ ಪುರಾವೆಯಲ್ಲ. ಪುರಾವೆ ಬೇಕಾದರೆ, ಬೆಲ್ಟಿಗೆ ಕೈ ತಾಗದಂತೆ, ಎಂಜಿನ್ ನಡೆಯುವಾಗಲೇ ಆ ಜಾಯಿಂಟಿನ ಸುತ್ತ ಅದೇ ಸ್ಟೇರಿಂಗ್ ಆಯಿಲನ್ನು ಸವರಿ. ಸಂದಿಗೆ ಗಾಳಿಯ ಬದಲು ಆಯಿಲ್ ಹೋಗುತ್ತದೆ, ಗುಂಯ್ ಕ್ಷಣಕಾಲ ಇಳಿಯುತ್ತದೆ. ಒಂದು ಚಮಚೆ ಆಯಿಲಿನಲ್ಲಿ ಮುಗಿಯುವ ಇಷ್ಟು ಚೆಲುವಾದ ಪರೀಕ್ಷೆ ಗಾಡಿಯ ಬೇರೆ ಯಾವ ಭಾಗಕ್ಕೂ ಇಲ್ಲ ಎಂದೇ ನನಗನ್ನಿಸುತ್ತದೆ.

ಇನ್ನು ಏರ್ ತೆಗೆಯುವ ವಿಚಾರ. ಹೋಸ್ ಬದಲಿಸಿ, ಆಯಿಲ್ ತುಂಬಿ, ನೇರವಾಗಿ ಎಂಜಿನ್ ಸ್ಟಾರ್ಟ್ ಮಾಡಿ ಆ ತುದಿಯಿಂದ ಈ ತುದಿಗೆ ಸ್ಟೇರಿಂಗ್ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೋಸಿನಲ್ಲಿ ದೊಡ್ಡ ಗುಳ್ಳೆಯಾಗಿದ್ದ ಗಾಳಿಯನ್ನು ಪಂಪ್ ಮಜ್ಜಿಗೆ ಕಡೆದಂತೆ ಕಡೆದು ಸಾವಿರಾರು ಸಣ್ಣ ಗುಳ್ಳೆ ಮಾಡಿಬಿಡುತ್ತದೆ. ದೊಡ್ಡ ಗುಳ್ಳೆ ತಾನಾಗಿ ಮೇಲೇಳುತ್ತದೆ. ಸಣ್ಣದು ಆಯಿಲಿನಲ್ಲೇ ತೇಲುತ್ತಾ ಉಳಿಯುತ್ತದೆ. ಕೆಂಪು ಆಯಿಲ್ ಹಾಲು ಬೆರೆತಂತೆ ಮಂಕಾಗುತ್ತದೆ, ಹೊಸ ಹೋಸ್ ಹಾಕಿದ ಮೇಲೂ ಗುಂಯ್ ನಿಲ್ಲುವುದಿಲ್ಲ, ಆಗ ಮತ್ತೆ ಪಂಪಿನ ಮೇಲೇ ಆರೋಪ. ಮಾಡಬೇಕಾದ ಕ್ರಮ ಸರಳ: ಮುಂದಿನ ಎರಡೂ ಚಕ್ರ ಎತ್ತಿ ಭದ್ರವಾಗಿ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಎಂಜಿನ್ ಆರಿಸಿಯೇ ಸ್ಟೇರಿಂಗನ್ನು ನಿಧಾನವಾಗಿ ಎರಡೂ ತುದಿಗೆ ತಿರುಗಿಸುವುದು, ಮಟ್ಟ ಇಳಿದಷ್ಟೂ ಆಯಿಲ್ ಸುರಿಯುವುದು, ಗುಳ್ಳೆ ನಿಲ್ಲುವ ತನಕ ಬಿಡದೆ ಮಾಡುವುದು. ಸ್ಟಾರ್ಟ್ ಆಮೇಲೆ. ಆಗಲೂ ಫುಲ್ ಕಟ್‌ನಲ್ಲಿ ಒತ್ತಿ ಹಿಡಿಯಬಾರದು. ರಿಲೀಫ್ ವಾಲ್ವ್ ತೆರೆದು ಅದೇ ಆಯಿಲ್ ಪಂಪಿನಲ್ಲೇ ಸುತ್ತಿ ಸುತ್ತಿ ಕುದಿಯುತ್ತದೆ. ಕಂಪನಿ ಹೇಳಿದ ಆಯಿಲ್ ಬಿಟ್ಟು, ‘ಯಾವುದಾದರೇನು, ಕೆಂಪಗಿದ್ದರೆ ಆಯಿತು’ ಎಂದು ಸುರಿಯುವುದೂ ಇದೇ ಜಾತಿಯ ಅಸಡ್ಡೆ.

ಪಂಪ್ ಸವೆಯುವುದೇ ಇಲ್ಲವೇ ಎಂದು ಕೇಳಬಹುದು. ಸವೆಯುತ್ತದೆ. ಆದರೆ ಸವೆದ ಪಂಪ್ ಸದ್ದಿನ ಜೊತೆಗೆ ಬಲವನ್ನೂ ಕಳೆದುಕೊಳ್ಳುತ್ತದೆ: ಆಯಿಲ್ ಕಾದ ಮೇಲೆ ಸ್ಟೇರಿಂಗ್ ಭಾರವಾಗುತ್ತದೆ, ಪ್ರೆಷರ್ ಗೇಜ್ ಕಟ್ಟಿದರೆ ಮುಳ್ಳು ಕಂಪನಿ ಹೇಳಿದ ಮಟ್ಟಕ್ಕೆ ಏರುವುದಿಲ್ಲ. ಗೇಜ್ ಕಟ್ಟದೆ ಹೇಳಿದ ತೀರ್ಪು ಬರೀ ಊಹೆ. ಹರಪನಹಳ್ಳಿಯಂಥ ಊರಿನ ಗ್ಯಾರೇಜಿನಲ್ಲಿ ಅಷ್ಟೆಲ್ಲ ಹೊತ್ತು ಎಲ್ಲಿದೆ, ಬದಲಿಸಿದರೆ ಗಿರಾಕಿ ನಿಶ್ಚಿಂತನಾಗುತ್ತಾನಲ್ಲ ಎನ್ನುವುದು ಎರಡನೆಯ ಆಕ್ಷೇಪ. ಆಗುವುದಿಲ್ಲ. ಗಾಳಿ ಎಳೆಯುವ ಹೋಸ್ ಹಾಗೇ ಇದ್ದರೆ ಹೊಸ ಪಂಪಿನೊಳಗೂ ಗುಳ್ಳೆಗಳು ಒಡೆದು ಲೋಹವನ್ನು ಕೆರೆಯುತ್ತವೆ. ಬಡ ಚಾಲಕನೊಬ್ಬ ಒಂದೇ ತಪ್ಪಿಗೆ ಎರಡು ಸಲ ದುಡ್ಡು ತೆರುತ್ತಾನೆ. ನಡುಕದ ವಿಷಯವೂ ಹೀಗೇ. ಕೂಡ್ಲಿಗಿ ಮೇಲೆ ಹೋಗುವ ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಎಂಬತ್ತು ದಾಟಿದಾಗ ಸ್ಟೇರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಬೇಕು, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಪಂಪಿಗೂ ಅದಕ್ಕೂ ಸಂಬಂಧವಿಲ್ಲ.

ಆಯಿಲ್ ಪವರ್ ಸ್ಟೇರಿಂಗ್ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಡನೆ ಮಾರುಕಟ್ಟೆಗೆ ಬಂತು. 1988ರಲ್ಲಿ ಸುಜುಕಿ ಸೆರ್ವೊ ವಿದ್ಯುತ್ ಮೋಟಾರಿನ ಸ್ಟೇರಿಂಗ್ ತಂದಿತು. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಆಯಿಲಿಲ್ಲ, ಬೆಲ್ಟಿಲ್ಲ, ಗುಂಯ್ ಕೂಡ ಇಲ್ಲ. ಆದರೆ ತಗ್ಗು-ದಿಣ್ಣೆಯ ಹಳ್ಳಿ ದಾರಿಯಲ್ಲಿ ಮೊಣಕಾಲಿನ ಮೇಲುಗಡೆ, ಕಾಲಮ್‌ನೊಳಗೆ ಕಟಕಟ ಎನ್ನುತ್ತವೆ. ಕೆಲವು ಗಾಡಿಗಳಲ್ಲಿ ಕಾರಣ ಮೋಟಾರಿಗೂ ವರ್ಮ್ ಗೇರಿಗೂ ನಡುವಿನ ಪುಟ್ಟ ಕಪ್ಲಿಂಗ್. ಸವೆದು ಆಟ ಬಿದ್ದಿರುತ್ತದೆ. ಅದನ್ನು ಬಿಚ್ಚಿ ನೋಡುವ ಮೊದಲೇ ಇಡೀ ಕಾಲಮ್ ಬದಲಿಸಬೇಕೆಂದು ಚೀಟಿ ಬರೆದುಕೊಡುವವರು ಇಲ್ಲೂ ಇದ್ದಾರೆ.