ಆಣೆ ಲೆಕ್ಕದ ವಿಮಾನ

ಹೊಸಪೇಟೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಫ್ಯಾನು ತಿರುಗುತ್ತಿಲ್ಲ ಅಂದರೆ ಕರೆಂಟು ಹೋಗಿರಬೇಕು, ಇಲ್ಲವೇ ಮನೆಯ ಯಜಮಾನನಿಗೆ ತಲೆ ಕೆಟ್ಟಿರಬೇಕು. ನಮ್ಮ ಮನೆಯಲ್ಲಿ ಕರೆಂಟು ಇತ್ತು. ಮೇಜಿನ ಮೇಲೆ 22 ಇಂಚಿನ ರೆಕ್ಕೆಯೊಂದು ಬರೀ ಎಲುಬಿನ ಗೂಡಾಗಿ ಮಲಗಿತ್ತು; ಗಾಳಿ ಸೋಕಿದರೆ ಸಾಕು, ಎದ್ದು ಕೂರುತ್ತಿತ್ತು. ಬನಿಯನ್ನಿನಲ್ಲಿ ಬೆವರುತ್ತ ಅದಕ್ಕೆ ಕಾವಲು ಕೂತಿದ್ದ ನನ್ನನ್ನು ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಇದು ಹಾರೋದಿಲ್ಲ ಅಂದಿದ್ರಲ್ಲ?"

ಹಾರುವುದಿಲ್ಲ, ನಿಜ. ಇದು ಟೈಗರ್ ಮಾತ್ ಎಂಬ ಜೋಡಿ ರೆಕ್ಕೆಯ ಹಳೇ ವಿಮಾನದ ಮಾದರಿ. ಅಸಲಿ ವಿಮಾನ ಮೊದಲು ಹಾರಿದ್ದು 1931ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಕಂಪನಿಯದು. ಆಮೇಲೆ ಎಂಟು ಸಾವಿರಕ್ಕೂ ಮಿಕ್ಕಿ ತಯಾರಾಗಿ, ನಮ್ಮ ವಾಯುಪಡೆಯ ಹುಡುಗರನ್ನೂ ಸೇರಿಸಿಕೊಂಡು ಅರ್ಧ ಜಗತ್ತಿಗೆ ಹಾರಾಟದ ಕಾಗುಣಿತ ಕಲಿಸಿತು. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸುವ ಹವ್ಯಾಸವೂ ಇದೆ. ಅದು ಸಾರಿನ ಪುಡಿ ತಂದು ಸಾರು ಮಾಡಿದ ಹಾಗೆ. ನನಗೆ ಮೆಣಸಿನಕಾಯಿ ಹುರಿಯುವುದರಿಂದಲೇ ಶುರುವಾಗಬೇಕು.

ಅಳತೆಯ ಪ್ರಮಾಣ ಹದಿನಾರಕ್ಕೆ ಒಂದು. ರೂಪಾಯಿಗೆ ಆಣೆ ಇದ್ದ ಹಾಗೆ. ನಮ್ಮ ಹಿರಿಯರು ಇದನ್ನು ವೀಸ ಅನ್ನುತ್ತಿದ್ದರು. ಅಸಲಿ ರೆಕ್ಕೆಯ ಹರವು 29 ಅಡಿ 4 ಇಂಚು, ಅಂದರೆ 352 ಇಂಚು. ಹದಿನಾರರಿಂದ ಭಾಗಿಸಿದರೆ ಸರಿಯಾಗಿ 22, ಶೇಷವಿಲ್ಲ. ಲೆಕ್ಕ ಹೀಗೆ ಚೊಕ್ಕವಾಗಿ ಬಂದ ದಿನ ನಾನು ಇದಕ್ಕೆ ಮರುಳಾದೆ. ಅಡಿಗೆ ಮುಕ್ಕಾಲು ಇಂಚು. ಐದೂವರೆ ಅಡಿಯ ನಾನು ಆ ವಿಮಾನದ ಪಕ್ಕ ನಾಲ್ಕು ಇಂಚು ಚಿಲ್ಲರೆ.

ವಿಮಾನದ ಹುಚ್ಚು ಹತ್ತಿದ್ದು ಬಳ್ಳಾರಿಯಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಅಹಮದಾಬಾದ್ ಮುಟ್ಟಿ ಮುಂಬಯಿಗೆ ಬಂದರಲ್ಲ, ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯಲ್ಲಿ ಇಳಿದು. ಮುಂಬಯಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ, ಬಳ್ಳಾರಿಯನ್ನು ನುಂಗಿಬಿಡುತ್ತಾರೆ. ಆ ವಿಮಾನ ಪುಸ್ ಮಾತ್, ಟೈಗರ್ ಮಾತ್‌ನ ದಾಯಾದಿ. ಹಾಗಾದರೆ ಅದನ್ನೇ ಮಾಡಬೇಕಿತ್ತಲ್ಲ ಎಂದು ಕೇಳಿದವರಿದ್ದಾರೆ. ಅದಕ್ಕೆ ಒಂಟಿ ರೆಕ್ಕೆ. ಎರಡು ರೆಕ್ಕೆಯ ನಡುವೆ ಕಂಬ, ಕಂಬಗಳ ನಡುವೆ ತಂತಿ, ತಂತಿಗೆ ಅಡ್ಡ ಇನ್ನೊಂದು ತಂತಿ. ಈ ಸಂಸಾರ ಇಲ್ಲದಿದ್ದರೆ ಕೈಗೆ ಕೆಲಸವೇನು?

ಬಾಲ್ಸಾ ಮರ ತರಿಸುವ ಗೋಜಿಗೆ ಹೋಗಲಿಲ್ಲ. ಕೊಪ್ಪಳದಾಚೆ ಕಿನ್ನಾಳದವರು ಗೊಂಬೆ ಕೆತ್ತುವ ಪೊಲ್ಕಿ ಮರವೇ ಸಾಕಷ್ಟು ಹಗುರ. ಮೂಗು, ಪ್ರೊಪೆಲ್ಲರ್, ಬಾಲದ ಅಂಚು ಅದರಲ್ಲೇ ಆಯಿತು. ರೆಕ್ಕೆಯ ಉದ್ದನೆಯ ತೊಲೆಗಳಿಗೆ ಮಾತ್ರ ಬಿದಿರು. ಒಳ್ಳೆ ಬಿದಿರಿನ ಸಿಬಿರು ಕೇಳಿಕೊಂಡು ಕಂಪ್ಲಿಯ ಹೊಳೆದಂಡೆಗೆ ಹೋದಾಗ ಹರಿಗೋಲು ಕಟ್ಟುವ ಮುದುಕರೊಬ್ಬರು ಸಿಕ್ಕರು. ಬಿದಿರನ್ನು ಸೀಳುವುದಲ್ಲ, ಅದು ಸೀಳಿಕೊಳ್ಳುವ ದಾರಿಯಲ್ಲಿ ಕತ್ತಿಯನ್ನು ಬಿಟ್ಟುಕೊಡುವುದು ಅವರ ವಿದ್ಯೆ. ಕತ್ತಿ ಒಂದು ಕಡೆ ವಾಲಿದರೆ ಸಿಬಿರು ಆ ಕಡೆ ತೆಳುವಾಗುತ್ತ ಹೋಗುತ್ತದೆ. ಆಗ ದಪ್ಪನೆಯ ಕಡೆಯನ್ನು ಹೆಬ್ಬೆರಳಿನಿಂದ ಬಗ್ಗಿಸಿದರೆ ಸೀಳು ನಡುವಿಗೆ ಬರುತ್ತದೆ. ಹತ್ತು ಸಿಬಿರು ಕೆಡಿಸಿದ ಮೇಲೆ ಹನ್ನೊಂದನೆಯದು ನನ್ನ ಮಾತು ಕೇಳಿತು.

ಅವರ ಹರಿಗೋಲು ಬೋರಲಾಗಿ ಬಿದ್ದಿತ್ತು. ಬಿದಿರಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಹಿಂದೆ ತೊಗಲು ಹೊದಿಸುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆಯಲ್ಲಿ ಬುಟ್ಟಿಯಂಥ ತೊಗಲಿನ ದೋಣಿಗಳನ್ನು ಕಂಡು, ಹದಿನೈದಿಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆಯನ್ನೂ ದಾಟಿಸುತ್ತಾರೆ ಎಂದು ಬರೆದಿಟ್ಟಿದ್ದಾನೆ. ನನಗೆ ಅಲ್ಲೇ ನಗು ಬಂತು. ಮರದ ಗೂಡು, ಮೇಲೆ ಬಟ್ಟೆ, ಬಟ್ಟೆ ಬಿಗಿಯಲೆಂದು ಬಳಿಯುವ ಡೋಪ್ ಎಂಬ ಅಂಟು ಬಣ್ಣ: ಟೈಗರ್ ಮಾತ್ ರೆಕ್ಕೆಯ ಗುಟ್ಟೂ ಇಷ್ಟೇ. ಇಂಗ್ಲೆಂಡಿನ ಎಂಜಿನಿಯರು ಹರಿಗೋಲನ್ನು ಉದ್ದಕ್ಕೆ ಎಳೆದು ಗಾಳಿಗೆ ಬಿಟ್ಟಿದ್ದಾನೆ.

ಹೊದಿಕೆಯಲ್ಲಿ ನಾನು ಸೋತೆ. ಅಸಲಿಗೆ ನಾರಗಸೆಯ ಬಟ್ಟೆ. ಆಣೆ ಲೆಕ್ಕದಲ್ಲಿ ಎಷ್ಟು ನಯವಾದ ಬಟ್ಟೆಯೂ ಗೋಣಿಚೀಲದಂತೆ ಕಾಣುತ್ತದೆ. ಗಾಳಿಪಟದ ತೆಳು ಕಾಗದವೇ ಗತಿ. ಮೊದಲ ರೆಕ್ಕೆಗೆ ಕಾಗದ ಹೊದಿಸಿ, ಮರಗೆಲಸದವರ ಲ್ಯಾಕರ್ ತೆಳುಮಾಡಿ ಬಳಿದು, ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ರೆಕ್ಕೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿಕೊಂಡಿತ್ತು. ಒಣಗುವಾಗ ಕಾಗದ ಎಳೆಯುತ್ತದೆ. ಹಲಗೆಗೆ ಗುಂಡುಸೂಜಿಯಿಂದ ಬಿಗಿದು, ಎರಡೂ ಮೈಗೆ ಸಮನಾಗಿ ಬಳಿದು ದಿನವಿಡೀ ಕಾಯಬೇಕಂತೆ. ಎರಡನೆಯ ಸಲ ಕಾದೆ. ಆದರೆ ಮೇಲಿನ ರೆಕ್ಕೆಗೂ ಆಲೆರಾನ್ ಕತ್ತರಿಸಿಬಿಟ್ಟಿದ್ದೆ! ವಿಮಾನವನ್ನು ಪಕ್ಕಕ್ಕೆ ವಾಲಿಸುವ ಆ ಪಟ್ಟಿ ಟೈಗರ್ ಮಾತ್‌ಗೆ ಕೆಳರೆಕ್ಕೆಯಲ್ಲಿ ಮಾತ್ರ. ಮೂರನೆಯ ರೆಕ್ಕೆಯ ವಿಷಯ ಮನೆಯಲ್ಲಿ ಹೇಳಲಿಲ್ಲ.

ಬಟ್ಟೆಯನ್ನು ಎಲುಬಿಗೆ ದಾರದಿಂದ ಹೊಲಿದು, ಹೊಲಿಗೆಯ ಮೇಲೆ ಪಟ್ಟಿ ಅಂಟಿಸುವುದು ಅಸಲಿ ಪದ್ಧತಿ. ಸಂಡೂರಿನಲ್ಲಿ ಕಸೂತಿ ಹಾಕುವ ಲಂಬಾಣಿ ಹೆಣ್ಣುಮಗಳೊಬ್ಬಳಿಗೆ ಚಿತ್ರ ತೋರಿಸಿ, ಸಮ ಅಂತರ ಹಿಡಿಯುವುದು ಹೇಗೆ ಎಂದು ಕೇಳಿದೆ. ಕನ್ನಡಿ, ಕವಡೆ ಕೂಡಿಸುತ್ತಿದ್ದ ಸೂಜಿ ನಿಲ್ಲಿಸದೆ, "ಹೊಲಿಗೆ ಮ್ಯಾಲೆ ಪಟ್ಟಿ ಹಚ್ಚಿ ಮುಚ್ತಾರಾ? ಕಾಣಬಾರದು ಅಂದ್ರೆ ಇಷ್ಟು ನೀಟಾಗಿ ಯಾಕೆ ಹೊಲೀಬೇಕು?" ಅಂದಳು. ವಿಮಾನ ಬೀಳಬಾರದಲ್ಲ ಎಂದೆ. "ನಿಮ್ಮದು ಏಳೋದೇ ಇಲ್ಲಲ್ಲ!"

ಈ ಮಾತಿಗೆ ಉತ್ತರ ಹುಡುಕಿಕೊಂಡು ಹಂಪಿಗೆ ಹೋದೆ ಅಂದರೆ ಸುಳ್ಳು. ನೆಂಟರಿಗೆ ತೋರಿಸಲು ಹೋಗಿದ್ದೆ. ವಿಠ್ಠಲನ ಗುಡಿಯ ಕಲ್ಲಿನ ರಥದ ಮುಂದೆ ಅವರು ಐವತ್ತರ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಮರದ ತೇರಿನ ಮಾದರಿ ಇದು, ಕಲ್ಲಿನಲ್ಲಿ. ಬಂಡೆಗಳ ಕೂಡು ಕಾಣದಂತೆ ಕೆತ್ತನೆಯಲ್ಲಿ ಮುಚ್ಚಿದ್ದಾರೆ. ಎಲ್ಲಿಗೂ ಹೋಗದ ತೇರಿಗೆ ಅಚ್ಚು, ಅಚ್ಚಿಗೆ ಕಡಾಣಿ! ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಹಿಂದೆ ಹಣಕಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಈಗಲೂ ಕಾಣುತ್ತವೆ. ಗ್ರೀನ್‌ಲಾ ಎಂಬಾತ 1856ರಲ್ಲಿ ತೆಗೆದ ಫೋಟೋದಲ್ಲಿ ಮೇಲೊಂದು ಇಟ್ಟಿಗೆಯ ಗೋಪುರವೂ ಇತ್ತು. ಇಷ್ಟೆಲ್ಲ ಯಾರಿಗೆ ಅಂದರೆ, ಗರುಡನಿಗೆ. ಹಾರುವವನನ್ನೇ ಕಲ್ಲಿನ ಗಾಡಿಯಲ್ಲಿ ಕೂರಿಸಿದ ಊರಿನಲ್ಲಿ ಹಾರದ ವಿಮಾನ ಮಾಡುವವನು ನಾನೊಬ್ಬನೇ ಅಲ್ಲ ಎಂದು ಸಮಾಧಾನವಾಯಿತು.

ಕೊನೆಗೆ ಉಳಿದದ್ದು ತಂತಿಗಳು. ಹಾರುವಾಗ ರೆಕ್ಕೆ ಮೇಲಕ್ಕೆ ಕೀಳದಂತೆ ಹಿಡಿಯುವುದು ಒಂದು ಜೋಡಿ, ನೆಲದಲ್ಲಿ ನಿಂತಾಗ ಜೋತು ಬೀಳದಂತೆ ಹೊರುವುದು ಅದರ ಎದುರು ಜೋಡಿ. ಮೀನುಗಾಳದ ದಾರದಿಂದ ಕಟ್ಟಿದೆ. ಹೊರಸಿನ ಹಗ್ಗದ ಜಾಯಮಾನ: ಇಲ್ಲಿ ಬಿಗಿದರೆ ಅಲ್ಲಿ ಸಡಿಲ. ಮೂರು ರಾತ್ರಿ ಹಿಡಿಯಿತು. ಎಡಗಡೆಯ ಕಂಬದ ಮೇಲೆ ಗಾಳಿಯ ವೇಗ ತೋರಿಸುವ ಪುಟ್ಟ ತಗಡೊಂದಿದೆ. ಗಾಳಿ ನೂಕಿದಷ್ಟೂ ಅಂಕಿಗಳ ಪಟ್ಟಿಯ ಮೇಲೆ ಹಿಂದಕ್ಕೆ ಸರಿಯುತ್ತದೆ. ತಂಪು ಪಾನೀಯದ ಡಬ್ಬಿ ಕತ್ತರಿಸಿ ಭತ್ತದ ಕಾಳಿಗಿಂತ ತುಸು ದೊಡ್ಡದಾಗಿ ಅದನ್ನೂ ಮಾಡಿದೆ. ಊದಿದರೆ ಅಲುಗುತ್ತದೆ. ಬಂದವರಿಗೆಲ್ಲ ಊದಿ ತೋರಿಸಿದ್ದೇನೆ.

ಬಿದಿರು ಕೊಟ್ಟವರಿಗೆ ತೋರಿಸಬೇಕೆಂದು ಮೊನ್ನೆ ಸೀರೆಯ ಡಬ್ಬಿಯಲ್ಲಿಟ್ಟುಕೊಂಡು ಕಂಪ್ಲಿಗೆ ಹೋದೆ. ಮುದುಕರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ತೂಗಿದರು. ತಗಡನ್ನು ಊದಲು ನಾನು ಬಾಯಿ ಮುಂದೆ ತಂದರೂ ಅವರ ಗಮನ ಅತ್ತ ಹೋಗಲಿಲ್ಲ. ತಲೆಕೆಳಗು ಮಾಡಿ ರೆಕ್ಕೆಯ ಅಡಿಯನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಆಮೇಲೆ ಪಕ್ಕದಲ್ಲಿ ಬೋರಲು ಬಿದ್ದಿದ್ದ ಹರಿಗೋಲನ್ನೂ ಒಮ್ಮೆ ತಟ್ಟಿದರು.

"ಬಿಗಿ ಐತೆ. ಡಾಂಬರು ಯಾವಾಗ ಬಳೀತೀರಿ?"